ಕಡಲ ನಡುವಿನ ಹಳೆಯ ಮನೆ

ಕಳೆದ ತಿಂಗಳು ಇದೇ ಪುಟದಲ್ಲಿ ನಾವು ಉಪ್ಪಿನಕಾಯಿಯ ಭರಣಿಗಳ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆವು. ಅದನ್ನೋದಿದ ವಾಚಕ ಮಹಾಶಯರೊಬ್ಬರು, ‘ಮಾಷ್ಟ್ರು ಈಚೆಗೆ ಅಡುಗೆಮನೆಯನ್ನು ಬಿಟ್ಟು ಹೊರಗೆ ಬರುವುದೇ ಇಲ್ಲ’ ಎಂದು ಕಾಗದ ಬರೆದು ಕುಶಾಲು ಮಾಡಿದ್ದಾರೆ. ಅವರ ಸಮಾಧಾನಕ್ಕೋಸ್ಕರ ಈ ತಿಂಗಳು ನಾವು ಅಡುಗೆಮನೆಯಿಂದ ಮಾತ್ರವಲ್ಲ, ಭೂಖಂಡದಿಂದಲೇ ಹೊರಗೆ ಹೊರಟಿದ್ದೇವೆ.

ಸಂಗತಿಯೇನೆಂದರೆ, ಅರವತ್ತು ತುಂಬಿದ ಈ ವಯಸ್ಸಿನಲ್ಲಿ ನಮಗೆ ಒಂದು ಮನೆಯನ್ನು ಕೊಳ್ಳಬೇಕೆಂಬ ಹುಚ್ಚು ಹಿಡಿಯಿತು. ಮನೆಯೆಂದರೆ ಪೇಟೆಯ ಬೀದಿಯ ಮನೆಯಲ್ಲ. ನಲ್ಲಿ, ದೀಪ, ಮೇಲ್ಮಹಡಿ ಇದ್ದ ಮನೆಯೂ ಅಲ್ಲ. ಕಡಲ ನಡುವೆ, ದೂರದ ಒಂದು ದ್ವೀಪದಲ್ಲಿ, ಮಾಡು ಕುಸಿದು, ಬಾಗಿಲು ಬಿದ್ದು, ಒಡೆಯರು ಬಿಟ್ಟುಹೋದ ಮನೆ. ಇಂಥ ಆಸೆಯನ್ನು ಬಾಯಿ ಬಿಟ್ಟು ಹೇಳಿದರೆ ಜನ ನಗುತ್ತಾರೆ. ಆದರೂ ಎಷ್ಟು ಮಂದಿಯ ಮನಸ್ಸಿನ ಮೂಲೆಯಲ್ಲಿ ಇದು ಅಡಗಿ ಕುಳಿತಿದೆಯೆಂಬುದು ಮುಂದೆ ಹೇಳುವ ವೃತ್ತಾಂತದಿಂದ ತಿಳಿದೀತು.

ಈ ಹುಚ್ಚಿಗೆ ಕಾರಣನಾದವನು ನಮ್ಮ ತಮ್ಮನ ಮಗ. ಗಣಕಯಂತ್ರದ ಉದ್ಯೋಗದಲ್ಲಿರುವ ಆ ಹುಡುಗ ಚೌತಿಗೆ ಬಂದವನು ಊಟವಾದ ಮೇಲೆ ಜಗಲಿಯಲ್ಲಿ ಕುಳಿತು, ತನ್ನ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿ, ‘ದೊಡ್ಡಪ್ಪ, ಇದು ನಿಮಗೆಂದೇ ಹೇಳಿ ಮಾಡಿಸಿದ ಹಾಗಿದೆ’ ಎಂದು ನಕ್ಕನು. ಕಲ್ಲಿನ ಗೋಡೆಯ ಒಂದು ಚಿಕ್ಕ ಮನೆ. ಮಾಡು ಅರ್ಧ ಬಿದ್ದಿದೆ. ಕಿಟಕಿಯಿದ್ದ ಸ್ಥಳದಲ್ಲಿ ಬರಿಯ ಕಂಡಿ. ಆ ಕಂಡಿಯ ಆಚೆಗೆ ನೀಲಿಯ ಕಡಲು. ಐರ್ಲೆಂಡ್ ದೇಶದ ಪಶ್ಚಿಮ ತೀರದ್ದಂತೆ. ಆ ದೇಶದ ಸರ್ಕಾರವು 2023ರಲ್ಲಿ ದ್ವೀಪಗಳ ಏಳಿಗೆಗೆಂದು ಒಂದು ಯೋಜನೆಯನ್ನು ಪ್ರಕಟಿಸಿ, ಎರಡು ವರ್ಷಕ್ಕೆ ಮೇಲ್ಪಟ್ಟು ಬರಿದಾಗಿ ಬಿದ್ದಿರುವ ಮನೆಯನ್ನು ಸರಿಪಡಿಸಿಕೊಳ್ಳುವವರಿಗೆ 60,000 ಯೂರೋ, ಮನೆ ತೀರ ಶಿಥಿಲವಾಗಿದ್ದ ಪಕ್ಷದಲ್ಲಿ 84,000 ಯೂರೋ ವರೆಗೆ ಸಹಾಯಧನ ಕೊಡುತ್ತೇವೆಂದು ಸಾರಿತು. 84,000 ಯೂರೋ ಎಂದರೆ ನಮ್ಮ ಲೆಕ್ಕದಲ್ಲಿ 70 ಲಕ್ಷ ರೂಪಾಯಿಗೂ ಮೇಲೆ. ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ‘ರಾಮಃ ರಾಮೌ ರಾಮಾಃ’ ಎಂದು ಕೂಗಿದ ಗಂಟಲಿಗೆ ಅಷ್ಟು ಹಣವನ್ನು ನುಂಗಿಕೊಳ್ಳಲು ಕೂಡ ಬಾರದು.

ಲೋಕದ ಪತ್ರಿಕೆಗಳು ಈ ವಾರ್ತೆಯನ್ನು ಹೇಗೆ ಹಬ್ಬಿಸಿದುವೆಂದರೆ, ಐರ್ಲೆಂಡಿನ ದ್ವೀಪಕ್ಕೆ ಹೋಗಿ ಕುಳಿತವರಿಗೆಲ್ಲ ಸರ್ಕಾರ ಹಣವನ್ನು ಸುರಿಯುತ್ತದೆ ಎಂಬಂತೆ. ಸತ್ಯ ಅಷ್ಟು ಸುಲಭವಾಗಿರಲಿಲ್ಲ. ಮೊದಲು ಮನೆಯನ್ನು ಸ್ವಂತ ದುಡ್ಡಿನಿಂದ ಕೊಂಡಿರಬೇಕು. ಕೆಲಸವೆಲ್ಲ ಮುಗಿದ ಮೇಲೆಯೇ ಸಹಾಯಧನ ಕೈಗೆ ಬರುವುದು. ಆ ದೇಶದಲ್ಲಿ ಇರಲು ಪರದೇಶದವರಿಗೆ ಇದರಿಂದ ಯಾವ ಹಕ್ಕೂ ದೊರೆಯದು. ಅಲ್ಲದೆ ಆ ಯೋಜನೆಯು ಸೇತುವೆಯಿಲ್ಲದ, ಆದರೆ ವರ್ಷವಿಡೀ ಜನ ವಾಸಮಾಡಿಕೊಂಡಿರುವ ದ್ವೀಪಗಳಿಗೆ ಮಾತ್ರ. ಜನವಿಲ್ಲದ ದ್ವೀಪದಲ್ಲಿ ಮನೆ ಕಟ್ಟುವೆನೆಂದರೆ ಕಾಸೂ ಇಲ್ಲ. ಈ ಕಡೆಯ ನಿಬಂಧನೆಯನ್ನು ಅಂದು ನಾವು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಈಗ ತೋರುವುದೇನೆಂದರೆ, ಇಡೀ ಯೋಜನೆಯಲ್ಲಿ ವಿವೇಕದ ಮಾತು ಅದೊಂದೇ.

ಹುಡುಗ ರಜೆ ಮುಗಿದು ಹೊರಟುಹೋದನು. ಮನೆ ಮಾತ್ರ ನಮ್ಮ ತಲೆಯಲ್ಲಿ ಉಳಿಯಿತು. ರಾತ್ರಿ ನಿದ್ದೆ ಬಾರದಾಗ ಅದನ್ನು ಕಟ್ಟಲಾರಂಭಿಸಿದೆವು. ಮೊದಲು ಮಾಡು, ಆಮೇಲೆ ಕಡಲ ಕಡೆಗೊಂದು ಕಿಟಕಿ, ಕಿಟಕಿಯ ಬಳಿ ಒಂದು ಮೇಜು, ಮೇಜಿನ ಮೇಲೆ ಇಷ್ಟು ವರ್ಷ ಓದಬೇಕೆಂದು ಇಟ್ಟುಕೊಂಡು ಓದದೆ ಬಿಟ್ಟ ಗ್ರಂಥಗಳು. ಹೊರಗೆ ಗಾಳಿ, ಒಳಗೆ ಒಲೆ. ಬಾಗಿಲು ತಟ್ಟುವವರಿಲ್ಲ, ಮದುವೆಯ ಕರೆಯೋಲೆಯಿಲ್ಲ, ‘ಮಾಷ್ಟ್ರೇ, ಮಗುವಿಗೊಂದು ಹೆಸರು ಹೇಳಿ’ ಎಂದು ಬರುವವರಿಲ್ಲ. ಕೆಲವು ರಾತ್ರಿಗಳಾದ ಮೇಲೆ ಒಂದು ಸಂಗತಿಯನ್ನು ಗಮನಿಸಿ ನಮಗೇ ನಾಚಿಕೆಯಾಯಿತು. ಆ ಮನೆಯಲ್ಲಿ ನಮ್ಮ ಮನೆಯವರೂ ಇರಲಿಲ್ಲ.

ಅವರಿಗೆ ಈ ವಿಚಾರವನ್ನು ತಿಳಿಸಿದಾಗ ಬಾಳೆದಿಂಡು ಹೆಚ್ಚುತ್ತಿದ್ದರು. ನಗಲಿಲ್ಲ, ಸಿಟ್ಟಾಗಲೂ ಇಲ್ಲ. ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ‘ಅಲ್ಲಿ ದೋಣಿ ಹಾಕುವವರು ಯಾರು?’ ಎಂದು ಕೇಳಿದರು. ‘ಕೊಳ್ಳುವ ಮೊದಲೇ ದೋಣಿಯ ಚಿಂತೆ ಏತಕ್ಕೆ?’ ಎಂದೆವು. ಅವರು ಮಾತನ್ನು ಮುಂದುವರಿಸಲಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ಹುಡುಕುವ ಸಲುವಾಗಿಯೇ ನಾವು ಐರ್ಲೆಂಡಿನ ದ್ವೀಪಗಳ ಚರಿತ್ರೆಯನ್ನು ಓದತೊಡಗಿದೆವೆಂದು ಹೇಳಬಹುದು. ಓದುತ್ತ ಓದುತ್ತ ಗ್ರೇಟ್ ಬ್ಲಾಸ್ಕೆಟ್ ಎಂಬಲ್ಲಿಗೆ ಬಂದು ಮುಟ್ಟಿದೆವು.

ಬ್ಲಾಸ್ಕೆಟ್ ಎಂಬುದು ಕೆರಿ ಪ್ರಾಂತದ ಪಶ್ಚಿಮ ತುದಿಯಲ್ಲಿ, ದಡದಿಂದ ಎರಡು ಕಿಲೋಮೀಟರಿನಷ್ಟು ಆಚೆಗಿರುವ ದ್ವೀಪ. ಉದ್ದ ಸುಮಾರು ಆರು ಕಿಲೋಮೀಟರು, ಅಗಲ ಒಂದು. ಕಡಲಿನಿಂದ ಎದ್ದ ಒಂದು ಗುಡ್ಡದ ಬೆನ್ನು ಎಂದರೆ ಸರಿ. ಎರಡು ಕಿಲೋಮೀಟರು ಎಂದರೆ ಏನು ಮಹಾ ದೂರ ಎನ್ನಬಹುದು. ಆದರೆ ನಡುವಣ ನೀರು ಅತ್ಯಂತ ಕ್ರೂರವಾದದ್ದು. ಚಳಿಗಾಲದಲ್ಲಿ ವಾರಗಟ್ಟಲೆ ದೋಣಿ ಇಳಿಸುವಂತಿರಲಿಲ್ಲ. ಆಚೆಯ ದಡದ ಮನೆಗಳಲ್ಲಿ ದೀಪ ಹಚ್ಚುವುದು ಕಾಣುತ್ತದೆ, ಹೋಗುವುದಕ್ಕೆ ಮಾತ್ರ ಆಗುವುದಿಲ್ಲ. ಈ ಸ್ಥಿತಿಯನ್ನು ಹೊಳೆಯ ಮಧ್ಯದಲ್ಲಿ ಹುಟ್ಟಿ ಬೆಳೆದ ನಾವು ಬಲ್ಲೆವು. ಅದರ ಮಾತು ಆಮೇಲೆ.

ಅಲ್ಲಿಯ ಮನೆಗಳ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ, ಏತಕ್ಕೆಂದರೆ ಮನೆಯ ಆಸೆಯೇ ಈ ಲೇಖನದ ವಿಷಯ. ಗುಡ್ಡದ ಇಳಿಜಾರನ್ನು ಕೊರೆದು, ಮನೆಯ ಬೆನ್ನು ನೆಲದೊಳಗೆ ಹುದುಗುವಂತೆ ಕಲ್ಲಿನ ಗೋಡೆ ಎಬ್ಬಿಸುತ್ತಿದ್ದರು. ಬಿರುಗಾಳಿ ಮನೆಯ ಮೇಲಿಂದ ಹಾದುಹೋಗಬೇಕೆಂಬುದೇ ಇದರ ಉಪಾಯ. ದ್ವೀಪದಲ್ಲಿ ಮರವೆಂಬುದಿಲ್ಲ, ಆದ್ದರಿಂದ ಒಡೆದ ಹಡಗುಗಳಿಂದ ತೇಲಿ ಬಂದ ಮರವೇ ಮಾಡಿನ ತೊಲೆ, ಅದೇ ಪೀಠೋಪಕರಣ. ಮೇಲೆ ಆಪಿನ ಹುಲ್ಲಿನ ಹೊದಿಕೆ. ಹುಲ್ಲಿನ ಮಾಡಿನಲ್ಲಿ ಕೋಳಿಗಳು ಗೂಡು ಮಾಡಿ ಮೊಟ್ಟೆಯಿಡುತ್ತಿದ್ದುವಂತೆ. ಮಾಡು ಗುಡ್ಡಕ್ಕೆ ತಾಗಿಕೊಂಡಿದ್ದುದರಿಂದ ಅವುಗಳಿಗೆ ಹತ್ತುವ ಶ್ರಮವಿಲ್ಲ. ಮುಂದೆ ಹುಲ್ಲು ಹೋಗಿ ಡಾಂಬರು ಬಳಿದ ದಪ್ಪ ಬಟ್ಟೆಯ ಹೊದಿಕೆ ಬಂದಿತು. ಸರ್ಕಾರದ ಒಂದು ಮಂಡಲಿಯು 1907ರಲ್ಲಿ ಜಮೀನ್ದಾರನಿಂದ ದ್ವೀಪವನ್ನು ಕೊಂಡು ಜನರಿಗೆ ಭೂಮಿಯನ್ನು ಹಂಚಿತು. ಊರಿನ ಮೇಲ್ಗಡೆ ಐದು ಹೊಸ ಮನೆಗಳನ್ನೂ ಕಟ್ಟಿಸಿತು. ಒಂದೇ ಮನೆಯಲ್ಲಿ ಜನ, ಹಸು, ಕೋಳಿ, ನಾಯಿ ಎಲ್ಲಕ್ಕೂ ಎಡೆಯಿದ್ದ ಕಾಲ ಅದು.

ನಮ್ಮಂಥ ಅಕ್ಷರಜೀವಿಗಳಿಗೆ ಆಶ್ಚರ್ಯವನ್ನುಂಟುಮಾಡುವ ಸಂಗತಿ ಇನ್ನೊಂದಿದೆ. ಜನ ಬಹಳ ಇದ್ದಾಗಲೂ ಆ ದ್ವೀಪದ ಸಂಖ್ಯೆ ನೂರೆಪ್ಪತ್ತರ ಸುಮಾರು. ಅಷ್ಟು ಚಿಕ್ಕ ಊರಿನಿಂದ ಐರಿಷ್ ಭಾಷೆಯ ಸಾಹಿತ್ಯಕ್ಕೆ ಮೂರು ಪ್ರಸಿದ್ಧ ಆತ್ಮಕಥೆಗಳು ಬಂದುವು. ತೋಮಾಸ್ ಓ ಕ್ರೋಹನ್ ಎಂಬ ಮೀನುಗಾರನದು 1929ರಲ್ಲಿ, ಮಾರಿಸ್ ಓ ಸಲಿವನ್ ಎಂಬ ತರುಣನದು 1933ರಲ್ಲಿ, ಪೆಗ್ ಸೇಯರ್ಸ್ ಎಂಬ ಅಜ್ಜಿಯದು 1936ರಲ್ಲಿ ಪ್ರಕಟವಾದುವು. ಅಜ್ಜಿ ತಾನಾಗಿ ಬರೆದವಳಲ್ಲ. ಅವಳು ಹೇಳುತ್ತ ಹೋದದ್ದನ್ನು ಮಗ ಬರೆದುಕೊಂಡನು. ಇದಕ್ಕೆ ಹಿನ್ನೆಲೆಯೆಂದರೆ ಆ ಭಾಷೆಯ ಶುದ್ಧರೂಪವನ್ನು ಕಲಿಯಲು ದೂರದಿಂದ ವಿದ್ವಾಂಸರು ಆ ಗುಡಿಸಲುಗಳನ್ನು ಹುಡುಕಿಕೊಂಡು ಬರುತ್ತಿದ್ದುದು. 1907ರಲ್ಲಿ ನಾರ್ವೆ ದೇಶದ ಮಾರ್ಸ್ಟ್ರಾಂಡರ್ ಬಂದು ತೋಮಾಸನ ಬಳಿ ಪಾಠ ಹೇಳಿಸಿಕೊಂಡನು. 1910ರಲ್ಲಿ ಬ್ರಿಟಿಷ್ ಮ್ಯೂಜಿಯಮ್ಮಿನ ರಾಬಿನ್ ಫ್ಲವರ್ ಬಂದನು; ಬಂದವನು ಆ ದ್ವೀಪಕ್ಕೆ ಎಷ್ಟು ಒಲಿದನೆಂದರೆ ವರ್ಷ ವರ್ಷ ಮತ್ತೆ ಬರುತ್ತಿದ್ದನು, ತೋಮಾಸನ ಗ್ರಂಥವನ್ನು ಇಂಗ್ಲಿಷಿಗೆ ತಿರುಗಿಸಿದನು, 1946ರಲ್ಲಿ ಅವನು ತೀರಿಕೊಂಡ ಮೇಲೆ ಅವನ ಚಿತಾಭಸ್ಮವನ್ನು ಅಲ್ಲಿಯೇ ಚೆಲ್ಲಿದರು. ಪಂಡಿತನಾದವನು ಮೀನುಗಾರನ ಮುಂದೆ ಶಿಷ್ಯನಾಗಿ ಕುಳಿತುಕೊಳ್ಳುವ ದೃಶ್ಯ ನಮ್ಮ ಮೇಷ್ಟರ ಹೃದಯಕ್ಕೆ ಎಷ್ಟು ಹಿತವಾಯಿತೆಂದು ಬರೆದು ತಿಳಿಸಲಾರೆವು.

ಇಂಥ ಊರು ಹೇಗೆ ಪಾಳಾಯಿತು? ಗಾಳಿಯಿಂದಲೇ? ಹಸಿವಿನಿಂದಲೇ? ಗಾಳಿ ಮೊದಲೂ ಇದ್ದಿತು. ಹಸಿವೂ ಮೊದಲಿನಿಂದ ಇದ್ದದ್ದೇ. ಉತ್ತರ ನಮಗೆ ದೊರೆತದ್ದು ದೋಣಿಯಲ್ಲಿ. ಅಲ್ಲಿಯವರ ದೋಣಿಗೆ ನೇವೋಗ್ ಎಂದು ಹೆಸರು. ತೆಳ್ಳಗಿನ ಮರದ ಹಂದರಕ್ಕೆ ಬಟ್ಟೆ ಬಿಗಿದು ಡಾಂಬರು ಬಳಿದದ್ದು. ಹಗುರವೆಂದರೆ ಬಹಳ ಹಗುರ. ದಡಕ್ಕೆ ಬಂದ ಕೂಡಲೇ ಅದನ್ನು ಮಗುಚಿ ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ದೂರದಿಂದ ನೋಡಿದವರಿಗೆ ಕಾಲುಗಳುಳ್ಳ ಒಂದು ಕಪ್ಪು ಹುಳು ನಡೆದುಹೋದಂತೆ ಕಾಣಿಸೀತು. ಆದರೆ ಹಗುರವಾಗಲಿ ಬಿಡಲಿ, ಆ ಕಡಲಿನಲ್ಲಿ ಅದನ್ನು ನಡೆಸಲು ತೋಳಿನಲ್ಲಿ ಬಲವುಳ್ಳ ಮೂರು ನಾಲ್ಕು ಮಂದಿ ಬೇಕೇ ಬೇಕು. ಒಬ್ಬನ ದೋಣಿಯೆಂಬುದೇ ಅಲ್ಲಿಲ್ಲ. ವೈದ್ಯನನ್ನು ಕರೆತರಲು ದೋಣಿ, ಪಾದ್ರಿಗೆ ದೋಣಿ, ಹಿಟ್ಟಿಗೆ ದೋಣಿ, ಹೆಣವನ್ನು ಆಚೆಯ ದಡದ ಸ್ಮಶಾನಕ್ಕೆ ಸಾಗಿಸಲೂ ದೋಣಿ. ಹುಡುಗರು ಒಬ್ಬೊಬ್ಬರಾಗಿ ಅಮೆರಿಕೆಗೆ, ಅದರಲ್ಲಿಯೂ ಬಹುಮಂದಿ ಮೆಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣಕ್ಕೆ ಹೊರಟುಹೋದರು. ಒಬ್ಬ ತರುಣ ಹೋದನೆಂದರೆ ಒಂದು ಮನೆಗೆ ಮಾತ್ರ ನಷ್ಟವಲ್ಲ. ಊರಿನ ಒಂದು ಹುಟ್ಟು ಕಡಮೆಯಾದಂತೆ. ಮೂರು ಹುಟ್ಟುಗಳು ಕಡಮೆಯಾದರೆ ಒಂದು ದೋಣಿ ದಡದಲ್ಲಿ ಬಿದ್ದು ಒಣಗುತ್ತದೆ.

ಶಾಲೆಯ ಮಾತನ್ನು ನಾವು ಹೇಳದೆ ಬಿಡುವಂತಿಲ್ಲ. ಮಕ್ಕಳಿಲ್ಲದೆ ಅಲ್ಲಿಯ ಶಾಲೆ 1941ರಲ್ಲಿ ಮುಚ್ಚಿತು. ಮರುವರ್ಷ ಪೆಗ್ ಅಜ್ಜಿಯೂ ದ್ವೀಪವನ್ನು ಬಿಟ್ಟು ಆಚೆಯ ದಡಕ್ಕೆ ಹೋದಳು. 1946ರ ಕ್ರಿಸ್ಮಸ್ ಸುಮಾರಿಗೆ ಊರಿನ ಒಬ್ಬ ತರುಣನಿಗೆ ಮೆದುಳುಪೊರೆಯ ಜ್ವರ ಬಂದಿತು. ಕಡಲು ಕೆರಳಿದ್ದುದರಿಂದ ವೈದ್ಯನನ್ನು ತರುವುದಕ್ಕಾಗಲಿಲ್ಲ. ಹುಡುಗ ಕೆಲವು ದಿನಗಳಲ್ಲಿ ತೀರಿಕೊಂಡನು. ಮರುವರ್ಷದ ವಸಂತದಲ್ಲಿ ಊಟಕ್ಕಿಲ್ಲದೆ ಅವರು ಪ್ರಧಾನಿ ಡಿ ವೆಲೆರಾ ಅವರಿಗೆ ತಂತಿ ಕಳುಹಿದರು. ಜುಲೈ ತಿಂಗಳಲ್ಲಿ ಪ್ರಧಾನಿಯೇ ದ್ವೀಪಕ್ಕೆ ಬಂದು ನೋಡಿ ಹೋದರು. ಸರ್ಕಾರದ ಕೆಲಸ ಎಲ್ಲ ದೇಶಗಳಲ್ಲಿಯೂ ಒಂದೇ ನಡಿಗೆಯಲ್ಲಿ ನಡೆಯುತ್ತದೆಯಷ್ಟೆ. ಆರು ವರ್ಷಗಳಾದ ಮೇಲೆ 1953ನೆಯ ನವೆಂಬರ್ 17ರಂದು ಉಳಿದಿದ್ದ 22 ಮಂದಿಯನ್ನು ಕರೆದೊಯ್ಯಲು ದೋಣಿ ಬಂದಿತು. ಅಂದು ಸಹ ಹವೆ ಕೆಟ್ಟಿದ್ದುದರಿಂದ ಎಲ್ಲರನ್ನೂ ಒಟ್ಟಿಗೆ ಸಾಗಿಸುವುದಕ್ಕಾಗಲಿಲ್ಲ. ಅವರಿಗೆ ಆಚೆಯ ದಡದ ಡನ್‌ಕ್ವಿನ್ ಗ್ರಾಮದಲ್ಲಿ ಮನೆಗಳನ್ನು ಕೊಟ್ಟರು. ಅಲ್ಲಿಂದ ದ್ವೀಪ ಎದುರಿಗೇ ಕಾಣುತ್ತದೆ.

ಈ ಕಡೆಯ ವರ್ಷಗಳಲ್ಲಿ ದ್ವೀಪದಲ್ಲಿ ಒಂದೇ ಒಂದು ಮಗುವಿದ್ದಿತು. 1949ರಲ್ಲಿ ಪತ್ರಿಕೆಗಳವರು ಅದರ ಚಿತ್ರವನ್ನು ಅಚ್ಚುಹಾಕಿ, ಲೋಕದಲ್ಲೇ ಅತ್ಯಂತ ಒಂಟಿಯಾದ ಹುಡುಗನೆಂದು ಬರೆದರು. ಅದನ್ನೋದಿ ಮರುಗಿದ ಜನ ಮಗುವನ್ನು ತಾವು ಸಾಕುತ್ತೇವೆಂದು ದೂರದೂರದಿಂದ ಕಾಗದ ಬರೆದರು. ಆ ಹುಡುಗ ದೊಡ್ಡವನಾಗಿ ತನ್ನ ನೆನಪುಗಳನ್ನು ಪುಸ್ತಕಮಾಡಿದಾಗ ಹೇಳಿದ್ದು ಬೇರೆಯೇ. ಊರಿನ ಮುದುಕರೆಲ್ಲ ತನ್ನನ್ನು ಎತ್ತಿ ಆಡಿಸಿದವರೇ, ತಾನು ಒಂಟಿಯಾಗಿರಲಿಲ್ಲವೆಂದನು. ದೂರದಲ್ಲಿದ್ದವರಿಗೆ ದ್ವೀಪವೆಂದೊಡನೆ ಏಕಾಂತವೇ ನೆನಪಾಗುತ್ತದೆ. ಅಲ್ಲಿದ್ದವರಿಗೆ ನೆನಪಾದದ್ದು ಜನ.

ಇನ್ನು ಪಾಳುಬಿದ್ದ ಮೇಲಿನ ಕಥೆ. ಜನ ಬಿಟ್ಟ ಇಪ್ಪತ್ತೇ ವರ್ಷಗಳಲ್ಲಿ ಆ ದ್ವೀಪಗಳಿಗೆ ಕೊಳ್ಳುವವರು ಬಂದರು. ಬ್ಲಾಸ್ಕೆಟಿನ ಪಕ್ಕದ ಇನಿಷ್‌ವಿಕಿಲಾನ್ ಎಂಬ ಚಿಕ್ಕ ದ್ವೀಪವನ್ನು 1974ರಲ್ಲಿ ಚಾರ್ಲ್ಸ್ ಹಾಗೀ ಎಂಬ ರಾಜಕಾರಣಿ ಇಡಿಯಾಗಿ ಕೊಂಡು ಮನೆ ಕಟ್ಟಿಸಿದರು. ಮುಂದೆ ಅವರು ಪ್ರಧಾನಿಯೂ ಆದರು. ದೋಣಿ ಹಾಕುವವರು ಯಾರೆಂಬ ಪ್ರಶ್ನೆ ಅವರಿಗಿರಲಿಲ್ಲ, ಹೆಲಿಕಾಪ್ಟರಿನಲ್ಲಿ ಇಳಿಯುತ್ತಿದ್ದರು. ಬ್ಲಾಸ್ಕೆಟಿನಲ್ಲಿಯೂ ಬಹುಭಾಗ ಭೂಮಿಯು ಹೊರಗಿನ ಖರೀದಿದಾರರ ಕೈಸೇರಿತು. ಆಗ ಸರ್ಕಾರ ಎಚ್ಚರಗೊಂಡು, ದ್ವೀಪವನ್ನು ರಾಷ್ಟ್ರೀಯ ಸ್ಮಾರಕೋದ್ಯಾನವನ್ನಾಗಿ ಮಾಡಲು 1989ರಲ್ಲಿ ಒಂದು ಕಾಯಿದೆಯನ್ನು ತಂದಿತು. ಅದರ ಪ್ರಕಾರ ಭೂಮಿಯನ್ನು ಬಲವಂತವಾಗಿ ವಶಪಡಿಸಿಕೊಳ್ಳಬಹುದು; ಆದರೆ 1953ನೆಯ ನವೆಂಬರ್ 17ಕ್ಕೆ ಮೊದಲು ಅಲ್ಲಿ ಭೂಮಿಯುಳ್ಳವರಾಗಿ ವಾಸವಾಗಿದ್ದವರನ್ನೂ ಅವರ ವಂಶಸ್ಥರನ್ನೂ ಮುಟ್ಟಕೂಡದು. ಕೊಂಡವರು ನ್ಯಾಯಾಲಯಕ್ಕೆ ಹೋದರು. 1999ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ಈ ಕಾಯಿದೆ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಒಬ್ಬ ನಾಗರಿಕನನ್ನು ಅವನ ವಂಶಾವಳಿಯನ್ನು ನೋಡಿ ಒಂದು ಬಗೆಯಾಗಿ, ಮತ್ತೊಬ್ಬನನ್ನು ಮತ್ತೊಂದು ಬಗೆಯಾಗಿ ಕಾಣಬಾರದೆಂಬುದು ಅದರ ತಾತ್ಪರ್ಯ. ಮುಂದೆ ಸರ್ಕಾರವು ಒಪ್ಪಂದದ ಮೇಲೆ ಊರಿನ ಬಹುಭಾಗವನ್ನು ಕೊಂಡಿತು. ತೋಮಾಸನ ಮನೆಯನ್ನು ಜೀರ್ಣೋದ್ಧಾರ ಮಾಡಿಸಿತು.

ಮೊದಲು ಓದಿದಾಗ ಈ ತೀರ್ಪು ನಮಗೆ ಸರಿದೋರಲಿಲ್ಲ. ಹಿರಿಯರ ಮೂಳೆ ಸವೆದ ಮಣ್ಣಿನಲ್ಲಿ ಮೊಮ್ಮಗನಿಗೆ ಇರುವ ಹಕ್ಕು ದುಡ್ಡು ಕೊಟ್ಟು ಬಂದವನಿಗೂ ಇರುವುದೆಂದರೇನು ಎಂದು ಕೋಪ ಬಂದಿತು. ಈ ಕೋಪ ಐರ್ಲೆಂಡಿನ ಸಲುವಾಗಿ ಬಂದದ್ದಲ್ಲವೆಂಬುದು ಎರಡು ದಿನ ಕಳೆದ ಮೇಲೆ ನಮಗೆ ತಿಳಿಯಿತು.

2020ರ ಜನವರಿಯಲ್ಲಿ ಇದೇ ಬ್ಲಾಸ್ಕೆಟ್ ದ್ವೀಪದಲ್ಲಿ ಪ್ರವಾಸಿಗಳಿಗೆ ಕಾಫಿ ಕಾಸಿಕೊಟ್ಟು, ಬಾಡಿಗೆಯ ಕೆಲವು ಮನೆಗಳನ್ನು ನೋಡಿಕೊಂಡು ವಸಂತದಿಂದ ಶರತ್ಕಾಲದವರೆಗೆ ಇರುವುದಕ್ಕೆ ಇಬ್ಬರು ಬೇಕಾಗಿದ್ದಾರೆಂದು ಪ್ರಕಟಣೆ ಹೊರಟಿತು. ವಿದ್ಯುತ್ತಿಲ್ಲ, ಬಿಸಿನೀರಿಲ್ಲ. ಎರಡು ಜನರ ಕೆಲಸಕ್ಕೆ ಲೋಕದ ಮೂಲೆಮೂಲೆಗಳಿಂದ ಬಂದ ಅರ್ಜಿಗಳು ಹತ್ತಾರು ಸಾವಿರ! ಇಪ್ಪತ್ತೆರಡು ಮಂದಿಗೆ ಬದುಕಲಾಗದೆ ಬಿಟ್ಟ ನೆಲಕ್ಕೆ ಹತ್ತಾರು ಸಾವಿರ ಮಂದಿ ಕೈಚಾಚಿದರು. ನಮ್ಮ ಹುಚ್ಚಿಗೆ ಇಷ್ಟು ಮಂದಿ ಜೊತೆಗಾರರಿದ್ದಾರೆಂದು ನಾವು ಮೊದಲು ಹಿಗ್ಗಿದೆವು. ಆಮೇಲೆ ಯೋಚಿಸಿದರೆ, ಇವರಲ್ಲಿ ಹೆಚ್ಚಿನವರು ಬಯಸುತ್ತಿದ್ದುದು ಯಾರೂ ಇಲ್ಲದಿರುವ ಸ್ಥಿತಿಯನ್ನು. ಆ ಊರನ್ನು ಕೊಂದದ್ದೂ ಅದೇ ಸ್ಥಿತಿ.

ಪ್ರಕೃತ ವಿಷಯದಲ್ಲಿ ಒಂದು ಶಬ್ದಶಾಸ್ತ್ರದ ಮಾತಿಗೆ ವಾಚಕರು ಅಪ್ಪಣೆ ಕೊಡಬೇಕು. ಹಳೆಯ ಚಾಳಿ ಬಿಡದು. ದ್ವೀಪವೆಂಬ ಶಬ್ದ ‘ದ್ವಿ’ ಎಂಬುದಕ್ಕೆ ನೀರೆಂಬ ಅರ್ಥದ ‘ಅಪ್’ ಸೇರಿ ಆದದ್ದು. ಅಕಾರಕ್ಕೆ ಈಕಾರ ಬರುವುದನ್ನು ಪಾಣಿನಿಯು ಸೂತ್ರಿಸಿದ್ದಾನೆ. ಎರಡು ಕಡೆಗಳಲ್ಲಿ ನೀರುಳ್ಳದ್ದೆಂದರ್ಥ. ಇದನ್ನು ಪಾಠ ಹೇಳುವಾಗಲೆಲ್ಲ ತರಗತಿಯಲ್ಲಿ ಒಬ್ಬನಾದರೂ ಎದ್ದು, ‘ಸಾರ್, ದ್ವೀಪಕ್ಕೆ ಸುತ್ತಲೂ ನೀರಲ್ಲವೆ, ಎರಡೇ ಕಡೆ ಏಕೆ?’ ಎಂದು ಕೇಳದೆ ಇರುತ್ತಿರಲಿಲ್ಲ. ನಾವು ಏನಾದರೊಂದು ಹೇಳಿ ಕುಳ್ಳಿರಿಸುತ್ತಿದ್ದೆವು. ಈಗ ನಮಗೆ ತೋರುವುದೇನೆಂದರೆ, ಈ ಶಬ್ದವನ್ನು ಮೊದಲು ಆಡಿದವರು ಹೊಳೆಯ ಬದಿಯ ಜನವಾಗಿದ್ದಿರಬೇಕು. ಹೊಳೆ ಸೀಳಾಗಿ ಎರಡು ಕವಲಿನಲ್ಲಿ ಹರಿಯುವ ನಡುವಣ ದಿಣ್ಣೆಗೆ ಎರಡೇ ಕಡೆ ನೀರು. ಉಡುಪಿಯ ಸೀಮೆಯಲ್ಲಿ ಅದಕ್ಕೆ ಕುದ್ರು ಎನ್ನುತ್ತಾರೆ.

ನಾವು ಹುಟ್ಟಿದ್ದು ಅಂಥದೊಂದು ಕುದ್ರುವಿನಲ್ಲಿ. ಏಳು ಮನೆಗಳಿದ್ದುವು, ಸುತ್ತ ತೆಂಗು. ಶಾಲೆಗೂ ಸಂತೆಗೂ ದೋಣಿಯೇ ಗತಿ. ತಂದೆಯವರು ತೀರಿಕೊಂಡ ಮೇಲೆ, 2010ರಲ್ಲಿ ಮನೆಗೆ ಬೀಗ ಹಾಕಿ ಎಲ್ಲರೂ ಪೇಟೆ ಸೇರಿದೆವು. ಐದು ಮಂದಿ ಪಾಲುದಾರರು. ವರ್ಷಕ್ಕೊಮ್ಮೆ ಹೋಗಿ ಬರಬೇಕೆಂದಿದ್ದೆವು. ಹೋದದ್ದು ಎರಡೇ ಸಲ. ಎರಡನೆಯ ಸಲ ನೋಡಿದಾಗ ಚಾವಡಿಯ ಪಕ್ಕಾಸುಗಳಿಗೆ ಗೆದ್ದಲು ಹಿಡಿದು ಹಂಚು ಜಾರಿತ್ತು. ಒಳಗೆ ತುಳಸಿಕಟ್ಟೆಯ ವರೆಗೂ ಗಿಡ ಎದ್ದಿತ್ತು. ಐರ್ಲೆಂಡಿನ ಚಿತ್ರವನ್ನು ಕಂಡಾಗ ನಮ್ಮ ಮನಸ್ಸು ಅಷ್ಟು ಬೇಗನೆ ಹಿಗ್ಗಿದ್ದಕ್ಕೆ ಇದೇ ಕಾರಣವಿದ್ದೀತು. ದೂರದ ಪಾಳುಮನೆ ಯಾರನ್ನೂ ದೂರುವುದಿಲ್ಲ.

ಕಳೆದ ವರ್ಷದಿಂದ ಆ ಮನೆಯನ್ನು ತಾನು ಕೊಳ್ಳುತ್ತೇನೆಂದು ಒಬ್ಬ ತರುಣ ಕೇಳುತ್ತಿದ್ದಾನೆ. ಆಚೆ ದಡದವನು, ಹೊಳೆಯಲ್ಲಿ ಮರುವಾಯಿ ತೆಗೆದು ಮಾರಿ ಜೀವನ. ಹೆಂಡತಿ, ಎರಡು ಮಕ್ಕಳು. ಅವನ ಅಜ್ಜ ನಮ್ಮ ಕುದ್ರುವಿನಲ್ಲಿಯೇ ಇದ್ದು ದೋಣಿ ಹಾಕುತ್ತಿದ್ದವನು. ನಾವು ಅಕ್ಷರ ಕಲಿತದ್ದು ಅವನ ದೋಣಿಯಲ್ಲಿ ಹೋಗಿ. ನಾಲ್ಕು ಮಂದಿ ಪಾಲುದಾರರು ಒಪ್ಪಿದರು. ನಾವೊಬ್ಬರು ಒಪ್ಪಲಿಲ್ಲ. ‘ಹಿರಿಯರ ಮನೆ, ಹೊರಗಿನವರಿಗೆ ಕೊಡುವುದು ಹೇಗೆ?’ ಎಂದು ತಮ್ಮನಿಗೆ ಬರೆದೆವು. ‘ಅಣ್ಣಯ್ಯ, ನೀವು ಅಲ್ಲಿ ಹೋಗಿ ಇರುತ್ತೀರೋ?’ ಎಂದು ಅವನು ಕೇಳಿದ್ದಕ್ಕೆ, ‘ಇದ್ದರೂ ಇದ್ದೇವು’ ಎಂದು ಉತ್ತರ ಕೊಟ್ಟಿದ್ದೆವು. ಕಾಗದಪತ್ರ ಹಾಗೆಯೇ ನಿಂತಿತು.

ತೀರ್ಪನ್ನು ಓದಿದ ಮೂರನೆಯ ದಿನ ರಾತ್ರಿ ಊಟದ ಹೊತ್ತಿನಲ್ಲಿ ನಾವು ಮನೆಯವರನ್ನು, ‘ಅಂದು ದೋಣಿ ಹಾಕುವವರು ಯಾರೆಂದು ಕೇಳಿದೆಯಲ್ಲ, ಏತಕ್ಕೆ?’ ಎಂದು ಕೇಳಿದೆವು. ಅವರು ಮಜ್ಜಿಗೆ ಬಡಿಸುತ್ತಿದ್ದವರು ಸೌಟನ್ನು ಕೆಳಗಿಟ್ಟರು. ‘ನಿಮಗೆ ಮರೆತಿರಬಹುದು. ಆಷಾಢದಲ್ಲಿ ದೊಡ್ಡವನು ಹುಟ್ಟುವಾಗ ನೀವು ಊರಲ್ಲಿರಲಿಲ್ಲವಲ್ಲ’ ಎಂದರು.

ಮರೆತಿರಲಿಲ್ಲ, ಆದರೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಪೂರ್ತಿಯಾಗಿ ಕೇಳಿರಲಿಲ್ಲ. 1994ರ ಆಷಾಢ. ನಾವು ಪರೀಕ್ಷೆಯ ಕೆಲಸಕ್ಕೆಂದು ಬೇರೆ ಊರಿನಲ್ಲಿದ್ದೆವು. ನಡುರಾತ್ರಿ ನೋವು ಕಾಣಿಸಿಕೊಂಡಿತು. ಹೊಳೆ ಕೆಂಪಾಗಿ ದಡ ಮೀರಿ ಹರಿಯುತ್ತಿತ್ತು. ತಂದೆಯವರು ಲಾಟೀನು ಹಿಡಿದು ಹೋಗಿ ಆ ಅಜ್ಜನನ್ನು ಎಬ್ಬಿಸಿದರು. ಅವನು ಒಬ್ಬನೇ ಆಗುವುದಿಲ್ಲವೆಂದು ಇನ್ನು ಮೂರು ಮನೆಗಳಿಂದ ಮೂವರನ್ನು ಕರೆದನು. ಇಬ್ಬರು ಜಲ್ಲೆ ಹಿಡಿದರು, ಒಬ್ಬನು ನೀರು ಮೊಗೆದನು. ತೇಲಿಬಂದ ಮರವೊಂದು ತಾಗಿ ದೋಣಿ ಒಮ್ಮೆ ತಿರುಗಿ ನಿಂತಿತಂತೆ. ಅತ್ತೆಯವರು ಕೊಡೆ ಹಿಡಿದುಕೊಂಡು ದೇವರ ನಾಮ ಹೇಳುತ್ತಿದ್ದರಂತೆ. ಅಜ್ಜನು, ‘ಅಮ್ಮ, ಕೊಡೆ ಮಡಚಿ, ಗಾಳಿ ಹಿಡಿಯುತ್ತದೆ’ ಎಂದು ಗದರಿದನಂತೆ. ದಡ ಸೇರಿ ಅರ್ಧ ಗಂಟೆಗೆ, ಆಸ್ಪತ್ರೆಗೆ ಹೋಗುವ ಜೀಪಿನಲ್ಲಿಯೇ ಮಗು ಹುಟ್ಟಿತು. ‘ನಾಲ್ಕು ಮನೆಯವರು ಎದ್ದದ್ದಕ್ಕಾಯಿತು’ ಎಂದು ಹೇಳಿ ಮನೆಯವರು ಮತ್ತೆ ಸೌಟನ್ನು ಎತ್ತಿಕೊಂಡರು.

ಈಗ ಆ ಕುದ್ರುವಿನಲ್ಲಿ ಒಲೆ ಉರಿಯುವ ಮನೆಗಳು ಮೂರು.

ಮರುದಿನ ನಾವು ತಮ್ಮನಿಗೆ ಫೋನು ಮಾಡಿ ಆ ತರುಣನ ನಂಬರನ್ನು ತೆಗೆದುಕೊಂಡೆವು. ಅವನು ಹೊಳೆಯಲ್ಲಿದ್ದನೆಂದು ಕಾಣುತ್ತದೆ; ಮಾತಿನ ಹಿಂದೆ ನೀರಿನ ಸದ್ದು ಕೇಳುತ್ತಿತ್ತು. ಹಂಚಿಕೆಯ ಕಾಗದಕ್ಕೆ ನಾವೂ ರುಜು ಹಾಕುತ್ತೇವೆಂದೆವು. ಅವನು ಬಹಳ ಸಂತೋಷವನ್ನೇನೂ ತೋರಿಸಲಿಲ್ಲ. ಒಂದು ವರ್ಷ ಕಾಯಿಸಿದವರ ಮಾತನ್ನು ಅಷ್ಟು ಬೇಗ ನಂಬುವುದು ಹೇಗೆ? ಸ್ವಲ್ಪ ತಡೆದು, ‘ಮಾಷ್ಟ್ರೇ, ಒಂದು ಕೇಳಲಿಕ್ಕಿತ್ತು. ನೆರೆ ಬಂದಾಗ ಮನೆಯೊಳಗೆ ನೀರು ಎಷ್ಟು ಬರುತ್ತಿತ್ತು?’ ಎಂದನು. ಇಷ್ಟು ರಾತ್ರಿ ಕುಳಿತು ಕಡಲ ನಡುವೆ ಮನೆ ಕಟ್ಟಿದ ನಮಗೆ ಹೀಗೆಂದು ಒಮ್ಮೆಯೂ ಹೊಳೆದಿರಲಿಲ್ಲ. ಹಟ್ಟಿಗೆ ಪ್ರತಿವರ್ಷ ಬರುತ್ತಿತ್ತು, ಚಾವಡಿಯ ಮೂರನೆಯ ಮೆಟ್ಟಿಲಿನವರೆಗೆ ಕೆಲವು ವರ್ಷ, ಅದಕ್ಕೂ ಮೇಲೆ ಏರಿದ್ದು ನಮ್ಮ ನೆನಪಿನಲ್ಲಿ ಒಂದೇ ಸಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು.

‘ಹಾಗಾದರೆ ಹಟ್ಟಿಯನ್ನು ಮೇಲೆ ಕಟ್ಟಿಕೊಳ್ಳುತ್ತೇನೆ’ ಎಂದನು.